ಯಾವುದಕ್ಕೆ ಯಾವುದನ್ನು ಸುರಿಯಬೇಕು: ಕಿರುಪ್ರಬಂಧ ತಿದ್ದಿದ ನನ್ನ ಅನುಭವ

ಎಂ.ಎ. ಕೊನೆಯ ವರ್ಷದಲ್ಲಿ ನಾನು ಅಡಿಕೆ ಕೊಳೆರೋಗದ ಬಗ್ಗೆ ಕಿರುಪ್ರಬಂಧ ಬರೆದೆ. ವಿಷಯಕ್ಕಾಗಿ ಹುಡುಕಾಡಲಿಲ್ಲ. ನಮ್ಮ ಮನೆ ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ. ಮಳೆಗಾಲ ಹಿಡಿಯಿತು ಅಂದರೆ ಅಲ್ಲಿ ಮಾತೆಲ್ಲ ಕೊಳೆಯದ್ದೇ. ಶಿವಮೊಗ್ಗದ ರೂಮಿನಲ್ಲಿ ಕೂತು ಮೊದಲ ಕರಡು ಮುಗಿಸಿದೆ. ಊರಿಗೆ ಹೋದಾಗ ಅದರಲ್ಲಿ ಒಂದು ಪುಟವನ್ನು ಅಪ್ಪಯ್ಯನಿಗೆ ಓದಿ ಹೇಳಿದೆ.

ಕೊಳೆ ಬಾರದಿರಲಿ ಅಂತ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಇದ್ದ ಪುಟ ಅದು. ಅದರಲ್ಲಿ ಹೀಗೊಂದು ವಾಕ್ಯ ಇತ್ತು: "ಮುಂಗಾರಿನ ಪೂರ್ವದಲ್ಲಿ ಸುಣ್ಣ ಹಾಗೂ ಮೈಲುತುತ್ತುಗಳು ಮಿಶ್ರಣಗೊಳಿಸಲ್ಪಟ್ಟು ಬೋರ್ಡೋ ದ್ರಾವಣವು ತಯಾರಿಸಲ್ಪಡುತ್ತದೆ ಹಾಗೂ ಸಿಂಪಡಿಸಲ್ಪಡುತ್ತದೆ."

ಅಪ್ಪಯ್ಯ ಕವಳ ಹಾಕುತ್ತಾ ಕೇಳುತ್ತಿದ್ದರು. "ಯಾವುದಕ್ಕೆ ಯಾವುದನ್ನ ಹಾಕೋದು?" ಅಂದರು. ಸ್ವಲ್ಪ ತಡೆದು, "ಹೊಡೆಯೋರು ಯಾರು?" ಅಂತಲೂ ಕೇಳಿದರು.

ಎರಡಕ್ಕೂ ಉತ್ತರ ನನಗೆ ಗೊತ್ತಿತ್ತು. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಐವತ್ತೈವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು. ಸುಣ್ಣದ ನೀರನ್ನು ಮೈಲುತುತ್ತಿನ ನೀರಿಗೆ ಸುರಿಯಬಾರದು. ಕೊನೆಗೆ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಕತ್ತಿಗೆ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು ಅಂತ ಅರ್ಥ. ಚಿಕ್ಕಂದಿನಿಂದ ಇದನ್ನೆಲ್ಲ ಕಣ್ಣಾರೆ ನೋಡಿದ್ದೇನೆ. ಆದರೆ ನನ್ನ ವಾಕ್ಯದಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಪ್ರಬಂಧ ಅಂದಮೇಲೆ ಗಂಭೀರವಾಗಿರಬೇಕು ಅಂತ 'ಲ್ಪಡು' ಹಚ್ಚುತ್ತಾ ಹೋಗಿದ್ದೆ.

ಆವತ್ತು ರಾತ್ರಿಯೇ ತಿದ್ದಲು ಕೂತೆ. ಪೆನ್ಸಿಲ್ ಹಿಡಿದು ಪ್ರತಿ ವಾಕ್ಯಕ್ಕೂ ಅಪ್ಪಯ್ಯನ ಪ್ರಶ್ನೆಗಳನ್ನೇ ಕೇಳಿದೆ. ಯಾರು ಮಾಡಿದ್ದು? ಯಾವುದನ್ನು? ಯಾವುದಕ್ಕೆ? ಉತ್ತರ ಸಿಗದ ವಾಕ್ಯದ ಪಕ್ಕ ಗೆರೆ ಎಳೆದೆ. ಮೊದಲ ಅಧ್ಯಾಯದಲ್ಲಿ ಗೆರೆ ಇಲ್ಲದ ಪುಟವೇ ಉಳಿಯಲಿಲ್ಲ.

ಮೊದಲು 'ಲ್ಪಡು' ತೆಗೆದೆ. "ಕೊನೆಗಾರರು ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ" ಅಂತ ಬರೆದರೆ ಗಂಭೀರತೆ ಏನೂ ಕಡಿಮೆ ಆಗುವುದಿಲ್ಲ. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಮನುಷ್ಯ ವಾಕ್ಯದೊಳಗೆ ಬಂದ, ಅಷ್ಟೇ. ನನ್ನ ಪ್ರಬಂಧದ ಅರ್ಧ ಭಾಗ ಇದ್ದದ್ದೇ ಕೊನೆಗಾರರು ಸಿಗುತ್ತಿಲ್ಲ ಅನ್ನುವ ಬಗ್ಗೆ. ಅವರನ್ನೇ ವಾಕ್ಯದಿಂದ ಹೊರಗಿಟ್ಟು ಅದನ್ನು ಹೇಳೋದು ಹೇಗೆ? 'ಲಾಗು' ಮಾತ್ರ ಕೆಲವು ಕಡೆ ಉಳಿಸಿಕೊಂಡೆ. "ಪ್ರಶ್ನಾವಳಿಯನ್ನು ಕನ್ನಡದಲ್ಲಿ ಸಿದ್ಧಪಡಿಸಲಾಯಿತು" ಅನ್ನುವಲ್ಲಿ ಮಾಡಿದವರು ಯಾರು ಅನ್ನೋದು ಮುಖ್ಯವಲ್ಲ. "ನನ್ನಿಂದ ಸಿದ್ಧಪಡಿಸಲಾಯಿತು" ಅಂತ ಬರೆಯಬೇಕಾಗಿ ಬಂದರೆ, ಸುಮ್ನೆ "ನಾನು ಸಿದ್ಧಪಡಿಸಿದೆ" ಅಂತ ಬರೆಯೋದೇ ಕನ್ನಡ.

ಎರಡನೆಯದು ವಿಭಕ್ತಿ. ಕನ್ನಡದಲ್ಲಿ ಪದಗಳ ಜಾಗ ಬದಲಾದರೂ ಅರ್ಥ ಕೆಡುವುದಿಲ್ಲ. "ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ" ಅಂದರೂ "ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು" ಅಂದರೂ ಒಂದೇ. ಆ 'ಅನ್ನು', ಆ 'ಗೆ' ಎಲ್ಲವನ್ನೂ ಹಿಡಿದಿಟ್ಟಿವೆ. ನಾನು ಎರಡನ್ನೂ ಬಿಟ್ಟು ನಡುವೆ 'ಹಾಗೂ' ಇಟ್ಟಿದ್ದೆ. ಹಾಗಾಗಿಯೇ ಅಪ್ಪಯ್ಯ ಹಾಗೆ ಕೇಳಿದ್ದು. ಮಾತಿನಲ್ಲಿ 'ಅನ್ನು' ಬಿಟ್ಟರೂ ನಡೆಯುತ್ತದೆ. ಎದುರಿಗೆ ಬಕೆಟ್ ಇರುತ್ತದೆ, ಕೈ ತೋರಿಸಬಹುದು. ಪುಟದಲ್ಲಿ ಕೈ ತೋರಿಸಲು ಆಗಲ್ಲ ಅಲ್ವಾ?

ನನ್ನನ್ನು ಜಾಸ್ತಿ ಕಾಡಿದ್ದು ಊರಿನ ಪದಗಳು. ಮೊದಲ ಕರಡಿನಲ್ಲಿ 'ಸೊಪ್ಪಿನಬೆಟ್ಟ' ಅಂತ ಬರೆಯಲು ಸಂಕೋಚ ಆಗಿ 'ಅರಣ್ಯ ಪ್ರದೇಶ' ಅಂತ ಬರೆದಿದ್ದೆ. ಅದು ತಪ್ಪು ಮಾಹಿತಿ ಅಂತ ಆಮೇಲೆ ಹೊಳೆಯಿತು. ಸೊಪ್ಪಿನಬೆಟ್ಟ ಅಂದರೆ ತೋಟದವರು ಸೊಪ್ಪು, ದರಗು (ಒಣಗಿದ ಎಲೆ) ತಂದುಕೊಳ್ಳಲು ಹಕ್ಕು ಇರುವ ಜಾಗ. ಬರೀ 'ಅರಣ್ಯ' ಅಂದರೆ ಆ ಹಕ್ಕಿನ ಮಾತೇ ಬಿಟ್ಟುಹೋಗುತ್ತದೆ. ಹಾಗಾಗಿ ಊರಿನ ಪದವನ್ನೇ ಇಟ್ಟೆ. ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ಅರ್ಥ ಹೇಳಿದೆ. ಮುಂದೆ ಎಲ್ಲೂ ಬದಲಾಯಿಸಲಿಲ್ಲ. ಒಂದು ಪುಟದಲ್ಲಿ ಕೊನೆಗಾರ, ಇನ್ನೊಂದರಲ್ಲಿ ಕಾರ್ಮಿಕ, ಮತ್ತೊಂದರಲ್ಲಿ ಕೂಲಿಯಾಳು ಅಂತ ಬರೆದರೆ ಓದುವವರು ಮೂರು ಬೇರೆ ಜನ ಅಂದುಕೊಳ್ಳುತ್ತಾರೆ. ಕಥೆಯಲ್ಲಿ ಪದ ಬದಲಿಸಿದರೆ ಚೆಂದ, ಪ್ರಬಂಧದಲ್ಲಿ ಗೊಂದಲ.

ರೈತರು ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಅವರು ಆಡಿದ ಹಾಗೇ ಬಿಟ್ಟೆ. "ಮಳೆ ಬಿಟ್ರಲ್ದಾ ಔಷಧಿ ಹೊಡೆಯೋದು" ಅನ್ನುವ ಮಾತನ್ನು ಗ್ರಂಥದ ಭಾಷೆಗೆ ತಿರುಗಿಸಿದರೆ ಅದು ಅವರ ಮಾತಾಗಿ ಉಳಿಯುವುದಿಲ್ಲ. ಚಿಹ್ನೆಯ ಹೊರಗೆ ಮಾತ್ರ ನನ್ನ ವಾಕ್ಯ, ಪೂರ್ತಿ ಕ್ರಿಯಾಪದದೊಂದಿಗೆ.

ಕ್ರಿಯಾಪದದ ವಿಷಯದಲ್ಲಿ ನಾನು ಮತ್ತೆ ಮತ್ತೆ ಎಡವಿದ್ದು ಉದ್ದದ ವಾಕ್ಯಗಳಲ್ಲಿ. "ಕೊನೆಗಾರರ ಕೊರತೆ, ಏರಿದ ಕೂಲಿ ಮತ್ತು ಬಿಡದ ಮಳೆ ಬೆಳೆಗಾರರನ್ನು ಕಂಗೆಡಿಸಿದೆ" ಅಂತ ಬರೆದಿದ್ದೆ. ಕಂಗೆಡಿಸಿದ್ದು ಮೂರು ಸಂಗತಿ, ಹಾಗಾಗಿ 'ಕಂಗೆಡಿಸಿವೆ' ಆಗಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಕರ್ತೃ ಮರೆತುಹೋಗಿರುತ್ತದೆ. ಮೂರು ಸಾಲು ದಾಟಿದ ವಾಕ್ಯವನ್ನೆಲ್ಲ ಒಡೆದು ಎರಡು ಮಾಡಿದೆ.

ಸಣ್ಣಪುಟ್ಟದ್ದು ಬೇಗ ಮುಗಿಯಿತು. 'ಪ್ರಾಮುಖ್ಯತೆ' ಹೋಗಿ 'ಪ್ರಾಮುಖ್ಯ' ಬಂತು, 'ವೈಶಿಷ್ಟ್ಯತೆ' ಹೋಗಿ 'ವೈಶಿಷ್ಟ್ಯ'. 'ಬೆಳೆಗಾರರುಗಳು' ಅನ್ನುವುದರಲ್ಲಿ ಬಹುವಚನ ಎರಡು ಸಲ ಇದೆ, 'ಬೆಳೆಗಾರರು' ಸಾಕು. 'ಅದ್ಯಯನ', 'ವಿದಾನ' ಅಂತ ಬಿದ್ದ ಕಡೆ ಮಹಾಪ್ರಾಣ ಸೇರಿಸಿದೆ.

"ಮಲೆನಾಡಿನ ಎಲ್ಲಾ ರೈತರೂ ಕಂಗಾಲಾಗಿದ್ದಾರೆ" ಅನ್ನುವ ವಾಕ್ಯ ನನಗೆ ತುಂಬ ಇಷ್ಟವಾಗಿತ್ತು. ನಮ್ಮ ಮಾರ್ಗದರ್ಶಕ ಮೇಡಂ ಅದರ ಪಕ್ಕ "ಎಲ್ಲರನ್ನೂ ಕೇಳಿದ್ದೀರಾ?" ಅಂತ ಬರೆದು ಕೊಟ್ಟರು. ನಾನು ಕೇಳಿದ್ದು 28 ಮನೆಗಳಲ್ಲಿ. "ನಾನು ಭೇಟಿ ಮಾಡಿದ 28 ಮನೆಗಳ ಪೈಕಿ 19 ಮನೆಯವರು ಎರಡನೇ ಸಿಂಪಡಣೆ ತಡವಾಯಿತು ಎಂದರು" ಅಂತ ತಿದ್ದಿದೆ. ಮೊದಲಿನಷ್ಟು ಎದೆಗೆ ತಟ್ಟುವುದಿಲ್ಲ. ಆದರೆ ಇದನ್ನು ಯಾರು ಪ್ರಶ್ನಿಸಿದರೂ ನನ್ನ ನೋಟ್ ಪುಸ್ತಕ ತೆಗೆದು ತೋರಿಸಬಹುದು.

ಬೈಂಡಿಂಗಿಗೆ ಕೊಡುವ ಮೊದಲು ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ಓದಿ. ಹಳೆಯ ಫಾಂಟಿನಲ್ಲಿದ್ದ ನನ್ನ ಎರಡು ಅಧ್ಯಾಯಗಳನ್ನು ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಜಿಗಿದಿದ್ದವು. ಪರದೆಯ ಮೇಲೆ ಎರಡು ಸಲ ಓದಿದರೂ ಕಂಡಿರಲಿಲ್ಲ. ಮುದ್ರಿಸಿದ ಪ್ರತಿಯನ್ನು ಊರಿಗೆ ಒಯ್ದು, ಬೋರ್ಡೋ ದ್ರಾವಣದ ಆ ಪುಟವನ್ನು ಅಪ್ಪಯ್ಯನಿಗೆ ಮತ್ತೊಮ್ಮೆ ಓದಿದೆ. ಈ ಸಲ ಅವರು ತಡೆದದ್ದು ಒಂದೇ ಕಡೆ. "ಕದಡ್ತಾ ಸುರೀಬೇಕು, ಅದನ್ನ ಬರೆದಿಲ್ಲ" ಅಂದರು. 'ನಿಧಾನವಾಗಿ' ಅನ್ನುವ ಪದದ ಪಕ್ಕ 'ಕದಡುತ್ತಾ' ಅಂತ ಪೆನ್ಸಿಲಿನಲ್ಲಿ ಸೇರಿಸಿದೆ.