ಸತ್ತ ಮಂಗ ಕಂಡರೆ ಮೊದಲ ಫೋನ್ ಯಾರಿಗೆ?

ನಾನು ಮಲೆನಾಡಿನಲ್ಲಿ ಪಶುವೈದ್ಯ. ಮಂಗನ ಕಾಯಿಲೆ ತಡೆಯಲು ಆರೋಗ್ಯ, ಪಶುಸಂಗೋಪನೆ, ಅರಣ್ಯ ಇಲಾಖೆಗಳ ಸಿಬ್ಬಂದಿಗೆ ಒಟ್ಟಿಗೆ ತರಬೇತಿ ಕೊಡುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು. ಇವತ್ತಿಗೂ ಇದಕ್ಕೆಂದೇ ಔಷಧಿ ಇಲ್ಲ. ಹಳೆಯ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದರು. ಹಾಗಾಗಿ ಬೇಗ ಗೊತ್ತಾಗುವುದೇ ನಮಗಿರುವ ದೊಡ್ಡ ಬಲ.

ಸತ್ತ ಮಂಗವನ್ನು ಮೊದಲು ನೋಡುವವರು ಅರಣ್ಯ ರಕ್ಷಕರು, ಇಲ್ಲವೇ ಸೌದೆಗೆ ಹೋದವರು. ಅದನ್ನು ಕೊಯ್ದು ಸ್ಯಾಂಪಲ್ ತೆಗೆಯುವುದು ನಾವು. ಜ್ವರ ಬಂದವರ ಮನೆಗೆ ಹೋಗುವುದು ಆಶಾ ಕಾರ್ಯಕರ್ತೆ. ಮಂಗದ ಮೈ ತಣ್ಣಗಾಗುತ್ತಿದ್ದಂತೆ ಈ ಕಾಯಿಲೆ ಹರಡುವ ಉಣುಗುಗಳು ಇಳಿದು ಬೇರೆ ರಕ್ತ ಹುಡುಕುತ್ತವೆ. ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ಎರಡು ದಿನ ತಡವಾಗಿ ಮುಟ್ಟಿದರೆ, ಅಷ್ಟರಲ್ಲಿ ಅದೇ ದಾರಿಯಲ್ಲಿ ಎಷ್ಟು ಜನ ಓಡಾಡಿರುತ್ತಾರೆ ಅಲ್ವಾ?

ಅದಕ್ಕೇ ನಾನು ತರಬೇತಿಯನ್ನು ಸಭಾಂಗಣದಿಂದ ಕಾಡಂಚಿಗೆ ತಂದೆ. ಸತ್ತ ಮಂಗದ ಬದಲು ಒಂದು ಗೋಣಿಚೀಲ ಇಡುತ್ತೇವೆ. ಗಾರ್ಡ್ ಅದನ್ನು ನೋಡಿ ಫೋನ್ ಮಾಡಬೇಕು. ಅಲ್ಲಿಂದ ಎಲ್ಲವನ್ನೂ ನಿಜವಾಗಿಯೇ ಮಾಡಿ ನೋಡುತ್ತೇವೆ. ಯಾರೂ ಬರಿಗೈಲಿ ಮುಟ್ಟದಂತೆ ಕಾಯುವುದು ಯಾರು? ಐಸ್ ಬಾಕ್ಸ್ ಎಲ್ಲಿದೆ? ಸ್ಯಾಂಪಲ್ ಶಿವಮೊಗ್ಗದ ಲ್ಯಾಬಿಗೆ ಯಾವ ಗಾಡಿಯಲ್ಲಿ ಹೋಗುತ್ತದೆ? ಸುತ್ತ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಹಾಕುವುದು ಯಾರು? ಆ ಕಡೆ ದರಕು (ಒಣ ಎಲೆ) ತರಲು ಹೋಗಬೇಡಿ ಅಂತ ಪಂಚಾಯ್ತಿಯವರು ಯಾವಾಗ ಹೇಳುತ್ತಾರೆ? ಜಾಸ್ತಿ ಚರ್ಚೆ ಆಗುವುದು ಗಾಡಿಯ ವಿಷಯಕ್ಕೆ. ಆಗಲಿ, ಅದು ಅಲ್ಲೇ ಇತ್ಯರ್ಥವಾಗಬೇಕು.

ಆಮೇಲೆ ಮೈತುಂಬ ಬಟ್ಟೆ, ಗಂಬೂಟು ಹಾಕಿ, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು, ತರಗೆಲೆಯ ಮೇಲೆ ಬಿಳಿ ಬಟ್ಟೆ ಎಳೆಯುತ್ತೇವೆ. ಸಾಸಿವೆಗಿಂತ ಸಣ್ಣ ಮರಿ ಉಣುಗುಗಳು ಅಂಟಿಕೊಂಡು ಬರುತ್ತವೆ. ಜನರಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಇವೇ. "ಇಷ್ಟು ಸಣ್ಣದು ಕಚ್ಚಿದರೆ ಗೊತ್ತೇ ಆಗಲ್ಲವಲ್ಲ ಸಾರ್" ಅಂತ ಆಶಾ ಅಕ್ಕಂದಿರು ಹೇಳುತ್ತಾರೆ. ಸ್ಲೈಡ್ ತೋರಿಸಿ ಈ ಮಾತು ಹೊರಡಿಸಲು ನನಗೆ ಎಂದೂ ಆಗಿಲ್ಲ.

ದನಗಳಿಗೆ ಈ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣುಗುಗಳು ದನದ ರಕ್ತ ಕುಡಿದೇ ಸಂತತಿ ಬೆಳೆಸುತ್ತವೆ. ಇದು ತಿಳಿದ ಮೇಲೆ ಕೊಟ್ಟಿಗೆಯಲ್ಲಿ ಉಣುಗಿಗೆ ಔಷಧಿ ಹಾಕುವ ನಮ್ಮ ಕೆಲಸವನ್ನು ಆರೋಗ್ಯ ಸಹಾಯಕರೂ ವಿಚಾರಿಸತೊಡಗಿದರು. ನಾನು ಕೂಡ ದನ ನೋಡಲು ಹೋದ ಮನೆಯಲ್ಲಿ "ಯಾರಿಗಾದರೂ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಇದೆಯಾ? ಕಾಡಿಗೆ ಹೋಗಿದ್ರಾ?" ಅಂತ ಕೇಳುತ್ತೇನೆ. ಇದೆ ಅಂದರೆ ಅಲ್ಲಿಂದಲೇ ಪಿಎಚ್‌ಸಿಗೆ ಫೋನ್. ಜ್ವರದ ಮೊದಲ ದಿನಗಳಲ್ಲೇ ರಕ್ತ ತೆಗೆದರೆ ಪಿಸಿಆರ್‌ನಲ್ಲಿ ವೈರಸ್ ಸಿಗುವ ಸಾಧ್ಯತೆ ಹೆಚ್ಚು.

ಈ ತರಬೇತಿ ಅಡಿಕೆ ಕೊಯ್ಲು ಜೋರಾಗುವ ಮೊದಲೇ ಮುಗಿಯಬೇಕು. ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ. ವರ್ಗಾವಣೆ ಆಗುತ್ತಲೇ ಇರುವುದರಿಂದ ಪ್ರತಿ ವರ್ಷ ಹೊಸದಾಗಿ ಮಾಡುತ್ತೇವೆ, ಫೋನ್ ಪಟ್ಟಿಯನ್ನೂ ಅದೇ ದಿನ ತಿದ್ದಿ ಎಲ್ಲರ ಕೈಗೆ ಕೊಡುತ್ತೇವೆ.