ಸರ್ವರ್‌ನಲ್ಲಿ ವಿಎಂ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಓಡಿಸುವವರಿಗೆ
ಪರದೆ ಇಲ್ಲದ ಲಿನಕ್ಸ್ ಸರ್ವರ್ ಆದರೆ ವಿಎಂ ಓಡಿಸುವ ಸಾಫ್ಟ್‌ವೇರ್ ಕೆವಿಎಂ ಬಳಸಿ. ಅದು 2007ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇದೆ. ಬ್ರೌಸರ್‌ನಲ್ಲೇ ಎಲ್ಲ ನೋಡಬೇಕು ಅನ್ನುವವರಿಗೆ ಪ್ರಾಕ್ಸ್‌ಮಾಕ್ಸ್ ಎಂಬ ಸರ್ವರ್ ಸಾಫ್ಟ್‌ವೇರ್ ಇದೆ, ಅದರೊಳಗೂ ಇರುವುದು ಕೆವಿಎಂ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಡೆಸ್ಕ್‌ಟಾಪ್ ಕೊಳ್ಳುವವರು ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ವಿಎಂಗೆ ಬೇಕಾದ ಪ್ರೊಸೆಸರ್ ಸೌಲಭ್ಯ, ಅಂದರೆ ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ, ಆನ್ ಆಗುತ್ತದೆಯೇ ನೋಡಿ. ಡಿಸ್ಕ್, ನೆಟ್‌ವರ್ಕ್ ಎರಡಕ್ಕೂ ವಿಎಂಗೆಂದೇ ಮಾಡಿದ ವರ್ಟಿಯೋ ಸಾಧನ ಆರಿಸಿ, ವೇಗ ಜಾಸ್ತಿ. ವಿಂಡೋಸ್ ವಿಎಂಗೆ ಅದರ ಡ್ರೈವರ್ ಬೇರೆ ಹಾಕಬೇಕು.

ಪ್ರಾಕ್ಸ್‌ಮಾಕ್ಸ್ ಇಲ್ಲದೆ ಕೆವಿಎಂ ಹಾಕಿದರೆ ಡಿಫಾಲ್ಟ್ ನೆಟ್‌ವರ್ಕ್ ಸಾಮಾನ್ಯವಾಗಿ ನ್ಯಾಟ್, ಅಂದರೆ ವಿಎಂ ಸರ್ವರ್‌ನ ವಿಳಾಸದ ಹಿಂದೆ ಅಡಗಿರುತ್ತದೆ. ಮನೆಯ ಬೇರೆ ಕಂಪ್ಯೂಟರ್‌ಗಳಿಂದ ವಿಎಂ ನೇರವಾಗಿ ಸಿಗಬೇಕಾದರೆ ಬ್ರಿಡ್ಜ್ ಮಾಡಿ, ಅಂದರೆ ವಿಎಂ ಅನ್ನು ಮನೆಯ ನೆಟ್‌ವರ್ಕ್‌ಗೇ ನೇರವಾಗಿ ಸೇರಿಸಿ. ವೈಫೈ ಮೇಲೆ ಬ್ರಿಡ್ಜ್ ಸಾಮಾನ್ಯವಾಗಿ ಆಗುವುದಿಲ್ಲ, ಸುಮ್ನೆ ಒಂದು ಕೇಬಲ್ ಎಳೆಯಿರಿ.

ಬೆಂಗಳೂರಲ್ಲಿ ಮಳೆ ಬಂದರೆ ಕರೆಂಟ್ ಹೋಗುತ್ತದೆ ಅಲ್ವಾ? ಬೇಕಾದ ವಿಎಂಗಳಿಗೆ ಆಟೋಸ್ಟಾರ್ಟ್ ಕೊಡಿ, ಸರ್ವರ್ ಶುರುವಾದಾಗ ಅವೂ ತಾವಾಗಿ ಶುರುವಾಗುತ್ತವೆ. ಕರೆಂಟ್ ಬಂದ ತಕ್ಷಣ ಸರ್ವರ್ ಆನ್ ಆಗುವ ಹಾಗೆ ಬಯೋಸ್‌ನಲ್ಲೂ ಇಡಿ.