ಕೆರೆಯ ಗಾಳ, ಹಳೆಯ ಕೋಲು: ಕೋಲಾರ ಸೀಮೆಯ ಹವ್ಯಾಸಿಗಳಿಗೆ ಒಂದು ಕೈಪಿಡಿ

ಹಳೆಯ ಗಾಳದ ಕೋಲುಗಳನ್ನು ಸಂಗ್ರಹಿಸುವ ಆಸೆ ಹುಟ್ಟಿದವರು ಸಾಮಾನ್ಯವಾಗಿ ಮೊದಲು ದುಡ್ಡು ಕೂಡಿಸುತ್ತಾರೆ, ಆಮೇಲೆ ಕೋಲು ಕೊಳ್ಳುತ್ತಾರೆ, ಮೀನು ಹಿಡಿಯುವ ಮಾತು ಕೊನೆಗೆ ಬರುತ್ತದೆ. ಈ ಕ್ರಮ ತಿರುಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಬಿದಿರ ಕೋಲನ್ನು ಕೈಯಾರೆ ಸಿದ್ಧಪಡಿಸಿ, ಕೆರೆ ತುಂಬಿದ ದಿನದಿಂದ ನೀರು ಇಳಿಯುವ ಬೇಸಿಗೆಯವರೆಗೆ ಅದರಲ್ಲೇ ಗಾಳ ಹಾಕಿದವರಿಗೆ, ಇಂಗ್ಲೆಂಡಿನ ಕುಶಲಕರ್ಮಿಯೊಬ್ಬ ಬಿದಿರನ್ನು ಸೀಳಿ ಅಂಟಿಸಿ ಮಾಡಿದ ಹಳೆಯ ಕೋಲು ದೊರೆತಾಗ ಅದರಲ್ಲಿ ಯಾವುದು ಗಟ್ಟಿಯಾಗಿದೆ, ಯಾವುದು ಸೋತಿದೆ ಎಂಬುದು ಕೈಗೇ ತಿಳಿಯುತ್ತದೆ. ಬಾಗುವುದು, ಮರಳಿ ನೇರವಾಗುವುದು, ತೇವ ಕುಡಿದರೆ ಶಕ್ತಿ ಕಳೆದುಕೊಳ್ಳುವುದು, ಈ ಗುಣಗಳು ಎರಡೂ ಕೋಲುಗಳಿಗೆ ಸಮಾನವಾದವು.

ಕೋಲಿಗೆ ತಕ್ಕದ್ದು ಒಳಗೆ ಟೊಳ್ಳು ಬಹಳ ಕಡಿಮೆಯಿರುವ ಕಿರುಬಿದಿರು. ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್ ಎಂಬ ಶಾಸ್ತ್ರೀಯ ಹೆಸರಿನ ಈ ಬಿದಿರು ನಮ್ಮ ಒಣ ಕಾಡುಗಳಲ್ಲಿ ಸಹಜವಾಗಿ ಬೆಳೆಯುತ್ತದೆ. 19ನೆಯ ಶತಮಾನದಲ್ಲಿ ಹಡಗೇರಿ ಹೋಗಿ, ಇಂಗ್ಲೆಂಡ್ ಮತ್ತು ಅಮೆರಿಕದ ಕೋಲು ತಯಾರಕರಲ್ಲಿ ‘ಕಲ್ಕತ್ತಾ ಕೇನ್’ ಎಂದು ಹೆಸರಾದ ಬಿದಿರು ಇದೇ ಜಾತಿಯದೆಂದು ಗುರುತಿಸಲಾಗಿದೆ. 2017ರ ಕಾನೂನು ತಿದ್ದುಪಡಿ ಅರಣ್ಯೇತರ ಜಮೀನಿನ ಬಿದಿರನ್ನು ಮಾತ್ರ ಮರದ ವ್ಯಾಖ್ಯೆಯಿಂದ ಹೊರಗಿಟ್ಟಿದೆಯಾದ್ದರಿಂದ ಕಾಡಿಗೆ ನುಗ್ಗಿ ಕಡಿಯಬಾರದು. ಬುಟ್ಟಿ, ಮೊರ ಹೆಣೆಯುವ ಮೇದರ ಬಳಿ ಹೋಗಿ, ಗಾಳದ ಕೋಲಿಗೆಂದು ಹೇಳಿ ಕೇಳಿದರೆ ಬಲಿತ ಬಿದಿರನ್ನು ಅವರೇ ಆರಿಸಿ ಕೊಡುತ್ತಾರೆ. ಮೂರು ವರ್ಷ ದಾಟಿದ, ಬೆರಳಿನಿಂದ ತಟ್ಟಿದರೆ ಗಣಗಣ ಎನ್ನುವ, ಗೆಣ್ಣುಗಳು ಹತ್ತಿರ ಹತ್ತಿರವಿರುವ, ಬುಡದಲ್ಲಿ ಹೆಬ್ಬೆರಳಿನಷ್ಟು ದಪ್ಪವಿದ್ದು ತುದಿಗೆ ಸೀಸದ ಕಡ್ಡಿಗಿಂತ ಸಣ್ಣಗಾಗುವ, ಹತ್ತರಿಂದ ಹನ್ನೆರಡು ಅಡಿ ಉದ್ದದ ಕೋಲು ಸಾಕು.

ಮಳೆ ನಿಂತ ಮೇಲೆ, ಚಳಿಗಾಲದಲ್ಲಿ ಕಡಿದ ಬಿದಿರಿಗೆ ಕುಟ್ಟೆ ಹುಳುವಿನ ಕಾಟ ಕಡಿಮೆ, ಏಕೆಂದರೆ ಹುಳು ತಿನ್ನುವುದು ಬಿದಿರಿನೊಳಗಿನ ಪಿಷ್ಟವನ್ನು, ಆ ಕಾಲದಲ್ಲಿ ಪಿಷ್ಟದ ಪ್ರಮಾಣ ಇಳಿದಿರುತ್ತದೆ. ಉಳಿದ ಪಿಷ್ಟವನ್ನು ಕಳೆಯಲು ಕೋಲನ್ನು ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು, ಬಳಿಕ ನೆರಳಿನಲ್ಲಿ ತುದಿ ಕೆಳಗಾಗಿ ತೂಗುಹಾಕಿ, ತುದಿಗೆ ಸಣ್ಣ ಭಾರ ಕಟ್ಟಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೀಳು ಬಿಡುತ್ತದೆ. ಒಣಗಿದ ಮೇಲೂ ಉಳಿದ ಡೊಂಕನ್ನು ಇದ್ದಿಲ ಕೆಂಡದ ಮೇಲೆ, ಒಂದು ಗೇಣು ಎತ್ತರದಲ್ಲಿ, ಕೋಲನ್ನು ನಿಲ್ಲಿಸದೆ ಹೊರಳಿಸುತ್ತ ಕಾಯಿಸಿ, ಮೆತ್ತಗಾದ ಜಾಗವನ್ನು ಮೊಣಕಾಲಿಗೆ ಒತ್ತಿ ಹಿಡಿದು ಆರುವವರೆಗೆ ಬಿಡದೆ ಇದ್ದರೆ ನೇರವಾಗುತ್ತದೆ. ಗೆಣ್ಣಿನ ಉಬ್ಬನ್ನು ಉಜ್ಜುಕಾಗದದಿಂದ ತುಸು ತೆಗೆಯಬಹುದು, ಆದರೆ ಬಿದಿರಿನ ಹೊರಮೈಯನ್ನು ಎಂದಿಗೂ ಹೆರೆಯಬಾರದು. ಬಿದಿರಿನ ಗಟ್ಟಿ ನಾರೆಲ್ಲ ಆ ಹೊರಪದರದಲ್ಲಿಯೇ ದಟ್ಟವಾಗಿರುತ್ತದೆ, ಒಳಕ್ಕೆ ಹೋದಂತೆ ಅದು ಸಡಿಲವಾಗುತ್ತದೆ. ಈ ಒಂದು ಸಂಗತಿಯ ಮೇಲೆಯೇ ಇಂಗ್ಲೆಂಡಿನ ಸೀಳುಬಿದಿರಿನ ಕೋಲಿನ ವಿದ್ಯೆಯೆಲ್ಲ ನಿಂತಿದೆ.

ರೀಲು ಇಲ್ಲದ ಈ ಕೋಲಿಗೆ ತುದಿಯಲ್ಲಿ ನೂಲಿನ ಕುಣಿಕೆ ಬಿಗಿದು, ಕೋಲಿನಷ್ಟೇ ಉದ್ದದ ತಂಗೂಸಿ (ನೈಲಾನ್) ದಾರವನ್ನು ಕಟ್ಟುವುದು ವಾಡಿಕೆ. ಗೆಂಡೆ ಮೀನಿಗೆ, ಜಿಲೇಬಿ ಎಂದು ಕರೆಯುವ ಟಿಲಾಪಿಯಾಕ್ಕೆ 0.20 ಮಿಲಿಮೀಟರ್ ದಪ್ಪದ ದಾರ, 10ನೆಯ ಅಥವಾ 12ನೆಯ ನಂಬರಿನ ಗಾಳ ಸಾಕು. ರೋಹು, ಕಾರ್ಪ್ ಬರುವ ಕೆರೆಯಾದರೆ 0.30 ದಾರ, ಅದಕ್ಕಿಂತ ದೊಡ್ಡದಾದ 6ನೆಯ ನಂಬರಿನ ಗಾಳ ಬೇಕು. ನೀರಿನ ಮೇಲೆ ತೇಲಿ ಮೀನು ಕಚ್ಚಿದ್ದನ್ನು ತೋರಿಸುವ ಬೆಂಡಿಗೆ ಹೊಲದಲ್ಲಿ ಉದುರಿ ಸಿಕ್ಕ ನವಿಲುಗರಿಯ ಕಡ್ಡಿಗಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಇಂಗ್ಲೆಂಡಿನವರೂ ನವಿಲುಗರಿ, ಬಾತುಕೋಳಿ ಗರಿ, ಮುಳ್ಳುಹಂದಿಯ ಮುಳ್ಳುಗಳನ್ನೇ ತಲೆಮಾರುಗಳ ಕಾಲ ಬೆಂಡಾಗಿ ಬಳಸಿದ್ದಾರೆ. ಸೀಸದ ಗುಂಡುಗಳನ್ನು ಒಂದೊಂದಾಗಿ ಹಿಚುಕಿ ಸೇರಿಸುತ್ತ, ಬೆಂಡಿನ ತುದಿ ಉಗುರಿನಷ್ಟು ಮಾತ್ರ ನೀರಿನ ಮೇಲೆ ಕಾಣುವಂತೆ ತೂಗಿಸಬೇಕು. ಹೆಚ್ಚು ಕಾಣುವ ಬೆಂಡನ್ನು ಎಳೆಯಲು ಮೀನಿಗೆ ಹೆಚ್ಚು ಬಲ ಬೇಕಾಗುತ್ತದೆ, ಅನುಮಾನಪಟ್ಟು ಎರೆಯನ್ನು ಬಿಟ್ಟುಬಿಡುತ್ತದೆ.

ಕೆರೆಗೆ ಇಳಿಯುವ ಮುನ್ನ ಅನುಮತಿ ಕೇಳಬೇಕು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಲ್ಲಿ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಗುತ್ತಿಗೆಗೆ ಕೊಟ್ಟಿರುತ್ತದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವ ಮೀನುಗಳಲ್ಲ. ಕೆರೆಯಲ್ಲಿರುವ ಅಂಥ ಪ್ರತಿಯೊಂದು ಮೀನೂ ಗುತ್ತಿಗೆದಾರರೋ ಬೆಸ್ತರ ಸಹಕಾರ ಸಂಘವೋ ದುಡ್ಡು ಕೊಟ್ಟು ತಂದು ಬಿಟ್ಟದ್ದು. ಅದನ್ನು ಕೇಳದೆ ಹಿಡಿಯುವುದು ಬೇರೆಯವರ ಹೊಲದ ಬೆಳೆಗೆ ಕೈಹಾಕಿದಂತೆ. ಜಿಲೇಬಿ ತಾನಾಗಿ ಹೆಚ್ಚಿ ಇತರ ಮೀನುಗಳ ಮೇವನ್ನು ಕಬಳಿಸುವುದರಿಂದ ಅದನ್ನು ಹಿಡಿಯಲು ಅನುಮತಿ ಸುಲಭವಾಗಿ ದೊರೆಯುತ್ತದೆ, ಕಲಿಯುವವರಿಗೂ ಅದೇ ಒಳ್ಳೆಯ ಮೀನು. ಸಿಡಿಮದ್ದು, ವಿಷ ಬಳಸಿ ಮೀನು ಹಿಡಿಯುವುದನ್ನು ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ನಿಷೇಧಿಸಿದೆ.

ಈ ಸೀಮೆಯ ಕೆರೆ ತುಂಬುವುದು ಮುಖ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಚರಂಡಿ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯತೊಡಗಿದ ಮೇಲೆ, ವರ್ಷಗಟ್ಟಲೆ ಒಣಗಿದ್ದ ಅಂಗಳಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತಿದೆ. ಅಂಥ ಕೆರೆಗಳಲ್ಲಿ ಗಾಳ ಹಾಕುವ ಅಭ್ಯಾಸ ಮಾಡಬಹುದು. ಹಿಡಿದ ಮೀನನ್ನು ಮಾತ್ರ ಅಡುಗೆಗೆ ತರದಿರುವುದು ಒಳಿತೆಂದು ನನ್ನ ಸಲಹೆ.

ಕೂರುವ ಜಾಗ ಜೊಂಡಿನ ಅಂಚಿನಲ್ಲೋ, ಕಾಲುವೆ ಬಂದು ಸೇರುವ ಬಾಯಿಯಲ್ಲೋ, ಗಾಳಿ ಯಾವ ದಡಕ್ಕೆ ಅಲೆಯನ್ನು ತಳ್ಳುತ್ತಿದೆಯೋ ಆ ದಡದಲ್ಲೋ ಇರಲಿ, ಏಕೆಂದರೆ ಗಾಳಿಯೊಡನೆ ಮೀನಿನ ಮೇವೂ ಅಲ್ಲಿಗೇ ಬಂದು ಸೇರುತ್ತದೆ. ತೂಬಿನ ಬಳಿ ನೀರಿನ ಸೆಳೆತವಿರುವುದರಿಂದ ಅಲ್ಲಿ ಕೂರಬಾರದು. ಗಾಳಕ್ಕೆ ಸೀಸದ ದೊಡ್ಡ ಗುಂಡು ಸಿಕ್ಕಿಸಿ ಇಳಿಬಿಟ್ಟು ಆಳವನ್ನು ಅಳೆದುಕೊಂಡು, ಎರೆ ತಳವನ್ನು ಸೋಕುವಂತೆ ಬೆಂಡನ್ನು ಸರಿಪಡಿಸಿಕೊಳ್ಳಬೇಕು. ಅಕ್ಕಿ ತೌಡಿಗೆ ನೆನೆಸಿದ ಕಡಲೆಕಾಯಿ ಹಿಂಡಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಬೆಂಡಿನ ಸುತ್ತ ಹಾಕಿ ಅರ್ಧ ಗಂಟೆ ಸುಮ್ಮನಿರುವುದು ಬಹಳ ಮುಖ್ಯ.

ಎರೆಹುಳು ಎಲ್ಲ ಮೀನಿಗೂ ಆಗುತ್ತದೆ, ಆದರೆ ಸಣ್ಣ ಗೆಂಡೆಗಳು ಅದನ್ನು ಕಿತ್ತು ತಿಂದು ಮುಗಿಸುತ್ತವೆ. ಕಾರ್ಪ್ ಮತ್ತು ರೋಹುವಿಗೆ ನಮ್ಮ ರಾಗಿ ಮುದ್ದೆಯೇ ಶ್ರೇಷ್ಠ. ಊಟದ ಮುದ್ದೆಗಿಂತ ಗಟ್ಟಿಯಾಗಿ, ಉಪ್ಪು ಹಾಕದೆ, ಸ್ವಲ್ಪ ಹಿಂಡಿ ಪುಡಿ ಸೇರಿಸಿ ತಿರುವಿ, ಬಿಸಿ ಆರಿದ ಮೇಲೆ ಹತ್ತಿಯ ನಾಲ್ಕು ಎಳೆಗಳನ್ನು ಬಿಡಿಸಿ ಹಾಕಿ ಚೆನ್ನಾಗಿ ನಾದಿದರೆ, ಆ ಎಳೆಗಳು ಮುದ್ದೆಯನ್ನು ಹಿಡಿದಿಡುತ್ತವೆ, ನೀರಿನಲ್ಲಿ ಬೇಗ ಕರಗುವುದಿಲ್ಲ. ಬೆಂಡು ನಡುಗಿದೊಡನೆ ಎಳೆಯಬಾರದು. ಅದು ಓರೆಯಾಗಿ ಸರಿಯತೊಡಗಿದಾಗ, ಅಥವಾ ಎದ್ದು ಅಡ್ಡ ಮಲಗಿದಾಗ, ಮಣಿಕಟ್ಟನ್ನು ಮಾತ್ರ ಎತ್ತಬೇಕು. ಮೀನನ್ನು ನೀರಿಗೆ ಮರಳಿಸುವುದಿದ್ದರೆ ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಡಿ, ಒದ್ದೆ ಕೈಯಲ್ಲಿ ಒದ್ದೆ ಗೋಣಿಚೀಲದ ಮೇಲೆ ಬಿಡಿಸಿ. ಚೇಳುಮೀನು ಬಂದರೆ ಬರಿಗೈಯಲ್ಲಿ ಮುಟ್ಟಬಾರದು. ಅದರ ರೆಕ್ಕೆಯ ಮುಳ್ಳಿನಲ್ಲಿ ನಂಜಿದೆ, ಚುಚ್ಚಿದರೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನಿಟ್ಟುಕೊಂಡು ವೈದ್ಯರಲ್ಲಿಗೆ ಹೋಗಬೇಕು.

ಇಷ್ಟು ಅನುಭವವಾದ ಮೇಲೆ ಹಳೆಯ ಕೋಲುಗಳತ್ತ ತಿರುಗಬಹುದು. ಇಂಗ್ಲೆಂಡಿನಲ್ಲಿ ಸಾಲ್ಮನ್, ಟ್ರೌಟ್‌ಗಳನ್ನು ಬಿಟ್ಟು ಉಳಿದ ಸಿಹಿನೀರಿನ ಮೀನುಗಳಾದ ರೋಚ್, ಟೆಂಚ್, ಬ್ರೀಮ್, ಕಾರ್ಪ್ ಮುಂತಾದವುಗಳನ್ನು ಹಿಡಿಯುವುದನ್ನು ಕೋರ್ಸ್ ಫಿಶಿಂಗ್ ಎನ್ನುತ್ತಾರೆ. ನಮ್ಮ ಕೆರೆಯ ಗಾಳಕ್ಕೆ ಅತಿ ಹತ್ತಿರದ ಪದ್ಧತಿ ಅದೇ. ಅಲ್ಲಿಯ ನದಿಗಳಲ್ಲಿ ಮೀನು ಮೊಟ್ಟೆಯಿಡುವ ಕಾಲವೆಂದು ಮಾರ್ಚ್ 15ರಿಂದ ಜೂನ್ 15ರವರೆಗೆ ಈ ಮೀನುಗಳನ್ನು ಹಿಡಿಯುವಂತಿಲ್ಲ. ಅವರ ಹಳೆಯ ಕೋಲುಗಳಲ್ಲಿ ಮೂರು ಬಗೆ ಮುಖ್ಯವಾದವು. ದಕ್ಷಿಣ ಅಮೆರಿಕದ ಗಯಾನಾದಿಂದ ಬರುತ್ತಿದ್ದ ಗ್ರೀನ್‌ಹಾರ್ಟ್ ಮರದ ಭಾರವಾದ ಕೋಲುಗಳು, ಬುಡಕ್ಕೆ ಇಡೀ ಬಿದಿರನ್ನೂ ತುದಿಗೆ ಸೀಳುಬಿದಿರನ್ನೂ ಬಳಸಿದ ಉದ್ದನೆಯ ಕೋಲುಗಳು, ಪೂರ್ತಿ ಸೀಳುಬಿದಿರಿನ ಕೋಲುಗಳು. ಕೊನೆಯದರಲ್ಲಿ ಬಿದಿರನ್ನು ತ್ರಿಕೋನಾಕಾರದ ಆರು ಪಟ್ಟಿಗಳಾಗಿ ಹೆರೆದು, ಗಟ್ಟಿ ಹೊರಮೈ ಹೊರಕ್ಕೆ ಬರುವಂತೆ ಅಂಟಿಸಿ, ಷಟ್ಕೋನದ ದಂಡವನ್ನು ಮಾಡುತ್ತಾರೆ. ಮೊದಲು ಕಲ್ಕತ್ತಾ ಕೇನ್, ಬಳಿಕ ಚೀನಾದ ಟೊಂಕಿನ್ ಬಿದಿರು ಇದಕ್ಕೆ ಬಳಕೆಯಾಯಿತು. 1872ರಲ್ಲಿ ಆ್ಯಲ್ನಿಕ್ ಊರಿನಲ್ಲಿ ಆರಂಭವಾದ ಹಾರ್ಡಿ ಸಂಸ್ಥೆ ತನ್ನ ಸೀಳುಬಿದಿರಿನ ಕೋಲುಗಳ ಮೇಲೆ ‘ಪಾಲಕೋನಾ’ ಎಂಬ ಹೆಸರನ್ನು ಬರೆಯುತ್ತಿತ್ತು. ರೆಡಿಚ್ ಊರಿನ ಆಲ್ಕಾಕ್ ಸಂಸ್ಥೆಯ ಕೋಲುಗಳು ಸಾಮಾನ್ಯರಿಗೆ ಎಟಕುವಂಥವು. 1952ರ ಸೆಪ್ಟೆಂಬರಿನಲ್ಲಿ ರೆಡ್‌ಮೈರ್ ಕೊಳದಲ್ಲಿ ರಿಚರ್ಡ್ ವಾಕರ್ 44 ಪೌಂಡ್ ತೂಕದ, ಎಂದರೆ ಸುಮಾರು 20 ಕಿಲೋ, ಕಾರ್ಪನ್ನು ಹಿಡಿದದ್ದು ತಾನೇ ರೂಪಿಸಿದ ಸೀಳುಬಿದಿರಿನ ಮಾರ್ಕ್ 4 ಕೋಲಿನಿಂದ.

ನಮ್ಮಲ್ಲಿ ಹುಡುಕಲು ತಕ್ಕ ಜಾಗ ಕೆ.ಜಿ.ಎಫ್. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬ್ರಿಟಿಷ್ ಅಧಿಕಾರಿಗಳೂ ಆಂಗ್ಲೋ ಇಂಡಿಯನ್ ಕುಟುಂಬಗಳೂ ನೆಲೆಸಿದ್ದ ಊರು ಅದು. ಗಣಿಗೆ ನೀರು ಕೊಡುತ್ತಿದ್ದ ಪಾಲಾರ್ ನದಿಯ ಬೇತಮಂಗಲ ಕೆರೆ ಹತ್ತಿರದಲ್ಲೇ ಇದೆ. ಗಣಿ 2001ರಲ್ಲಿ ಮುಚ್ಚಿತು. ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಗಳಲ್ಲಿ, ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಬಟ್ಟೆ ಚೀಲದ ಉದ್ದನೆಯ ಕಟ್ಟು ಕಂಡರೆ ಬಿಚ್ಚಿ ನೋಡಬೇಕು. ಆದರೆ ಕರ್ನಾಟಕದಲ್ಲಿ ಸಿಗುವ ವಿಲಾಯಿತಿ ಕೋಲುಗಳಲ್ಲಿ ಮಾಹಶೀರ್ ಮೀನಿಗೆಂದು ತಂದ ದಪ್ಪ, ಬಿಗಿ ಕೋಲುಗಳೂ ಬರುತ್ತವೆ ಎಂಬುದು ನೆನಪಿರಲಿ. ಮೈಸೂರಿನ ವ್ಯಾನ್ ಇಂಜೆನ್ ಕುಟುಂಬದ ಡಿವೆಟ್ ವ್ಯಾನ್ ಇಂಜೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ ಮಾಹಶೀರ್ ಹಿಡಿದಂಥ ಬೇಟೆಗೆ ಬೇಕಾದ ಕೋಲು ನಮ್ಮ ಕೆರೆಯ ಗೆಂಡೆಗೆ ಒದಗುವುದಿಲ್ಲ.

ಕೋಲನ್ನು ಪರೀಕ್ಷಿಸುವಾಗ ಅವಸರ ಬೇಡ. ಮೊದಲು ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ತುದಿಯ ತುಂಡು ಉಳಿದವಕ್ಕಿಂತ ಗಿಡ್ಡವಾಗಿದ್ದರೆ ಅದು ಎಂದೋ ಮುರಿದಿರುವ ಸಾಧ್ಯತೆ ಹೆಚ್ಚು. ಪ್ರತಿ ತುಂಡನ್ನೂ ಕಣ್ಣಿನ ಮಟ್ಟದಲ್ಲಿ ಹಿಡಿದು, ಹೊರಳಿಸುತ್ತ, ಬಾಗು ಎಷ್ಟಿದೆಯೆಂದು ನೋಡಬೇಕು. ಸಣ್ಣ ಬಾಗು ದೋಷವಲ್ಲ, ಅದು ದುಡಿದ ಕೋಲಿನ ಗುರುತು. ಅನಂತರ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ, ಮೆಲ್ಲಗೆ ತಿರುಚಿ. ಟಿಕ್ ಟಿಕ್ ಎಂಬ ಸದ್ದು ಬಂದರೆ ಪಟ್ಟಿಗಳ ಅಂಟು ಬಿಟ್ಟಿದೆ ಎಂದರ್ಥ, ಅಂಥದ್ದನ್ನು ಮೀನಿಗೆ ಬಳಸಲಾಗದು. ತುಂಡುಗಳನ್ನು ಕೂಡಿಸುವ ಹಿತ್ತಾಳೆಯ ಅಥವಾ ನಿಕ್ಕಲ್ ಸಿಲ್ವರಿನ ಫೆರೂಲ್ ಅಲುಗದೆ ಕೂರಬೇಕು, ಎಳೆದಾಗ ಗಾಳಿಯ ಸಣ್ಣ ಸದ್ದಿನೊಡನೆ ಬಿಡಬೇಕು. ದಾರ ಹಾಯುವ ಉಂಗುರಗಳೊಳಗೆ ಅಗೇಟ್ ಕಲ್ಲು ಕೂಡಿಸಿದ್ದರೆ ಹತ್ತಿಯ ಎಳೆಯನ್ನು ಒಳಗೆ ಹಾಯಿಸಿ ಎಳೆಯಿರಿ. ಕಣ್ಣಿಗೆ ಕಾಣದ ಬಿರುಕಿಗೂ ಹತ್ತಿ ಸಿಕ್ಕಿಕೊಳ್ಳುತ್ತದೆ. ದಂಡದ ಉದ್ದಕ್ಕೂ ಒಂದೊಂದು ಅಂಗುಲಕ್ಕೆ ರೇಷ್ಮೆ ದಾರದ ಸುತ್ತುಗಳಿದ್ದರೆ ಕೋಲು ಹಳೆಯದೆಂದು ತಿಳಿಯಬಹುದು. ಪ್ರಾಣಿಜನ್ಯ ಅಂಟಿನ ಮೇಲೆ ಭರವಸೆಯಿಲ್ಲದ ಕಾಲದಲ್ಲಿ ಆ ಸುತ್ತುಗಳು ಬೇಕಾಗಿದ್ದವು, ನೀರಿಗೆ ಬಗ್ಗದ ರಾಳದ ಅಂಟುಗಳು ಬಂದ ಮೇಲೆ ಅವು ಕಡಿಮೆಯಾದವು.

ಹೊಳೆಯುವಂತೆ ಹೊಸ ವಾರ್ನಿಷ್ ಬಳಿದ ಕೋಲಿಗಿಂತ, ಮಾಸಿದ್ದರೂ ತಯಾರಕರ ಬರಹ ಉಳಿದಿರುವ ಕೋಲೇ ನನ್ನ ಆಯ್ಕೆ. ಆ ಬರಹ ವಾರ್ನಿಷ್ ಪದರದ ಅಡಿಯಲ್ಲಿರುತ್ತದೆ, ಉಜ್ಜಿದರೆ ಶಾಶ್ವತವಾಗಿ ಹೋಗುತ್ತದೆ. ಸಡಿಲವಾದ ಫೆರೂಲನ್ನು ಎಪಾಕ್ಸಿಯಿಂದ ಅಂಟಿಸಬೇಡಿ. ಅರಗನ್ನು ಕರಗಿಸಿ ಕೂಡಿಸಿದರೆ ಮುಂದೆ ಬಿಸಿ ತಾಗಿಸಿ ಮತ್ತೆ ಬಿಡಿಸಿಕೊಳ್ಳಬಹುದು. ಬಿಚ್ಚಿದ ಸುತ್ತುಗಳನ್ನು ಮೂಲ ಬಣ್ಣದ ರೇಷ್ಮೆಯಲ್ಲೇ ಸುತ್ತಿ, ತೆಳುವಾಗಿ ವಾರ್ನಿಷ್ ಹಚ್ಚಬೇಕು.

ಮೀನು ಹಿಡಿದು ಬಂದ ಮೇಲೆ ಕೋಲನ್ನು ಒಣಬಟ್ಟೆಯಿಂದ ಒರೆಸಿ, ಒಂದು ರಾತ್ರಿ ಹೊರಗಿಟ್ಟು, ಮರುದಿನವೇ ಚೀಲಕ್ಕೆ ಹಾಕಬೇಕು. ಮೂಲೆಗೆ ಒರಗಿಸಿಟ್ಟ ಕೋಲು ಡೊಂಕಾಗುತ್ತದೆ, ಶೀಟಿನ ಛಾವಣಿಯ ಕೆಳಗಿಟ್ಟ ಕೋಲಿನ ಅಂಟು ಸೋಲುತ್ತದೆ. ಗೂಟಕ್ಕೆ ಚೀಲದ ದಾರ ಸಿಕ್ಕಿಸಿ ನೇರವಾಗಿ ತೂಗುಹಾಕುವುದೇ ಸರಿ.

ಸಂಗ್ರಹದಲ್ಲಿ ವಿಲಾಯಿತಿ ಕೋಲುಗಳ ಜೊತೆಗೆ ನಮ್ಮ ಹಳ್ಳಿಗಳ ಹಿರಿಯರು ಬಳಸಿ ಅಟ್ಟದಲ್ಲಿಟ್ಟ ಬಿದಿರ ಕೋಲುಗಳಿಗೂ, ನವಿಲುಗರಿಯ ಬೆಂಡುಗಳಿಗೂ ಸ್ಥಾನ ಕೊಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಹಾರ್ಡಿ ಕೋಲನ್ನು ಕಾಯುವವರು ಜಗತ್ತಿನಲ್ಲಿ ಬಹಳ ಮಂದಿಯಿದ್ದಾರೆ, ಮಾಲೂರಿನ ಅಥವಾ ಮುಳಬಾಗಿಲಿನ ಕೋಲು ಒಲೆಗೆ ಹೋದರೆ ಕೇಳುವವರಿಲ್ಲ. ಕೊಟ್ಟವರ ಊರು, ಕೋಲು ಮಾಡಿದವರ ಹೆಸರು, ಬಿದಿರಿನ ಜಾತಿ, ಉದ್ದ, ಯಾವ ಕೆರೆಯಲ್ಲಿ ಯಾವ ಮೀನಿಗೆ ಬಳಸುತ್ತಿದ್ದರು ಎಂಬುದನ್ನು ಅವರೆದುರೇ ಕೇಳಿ ದಪ್ಪ ಕಾಗದದ ಮೇಲೆ ಬರೆದು, ಕೋಲಿನ ಬುಡಕ್ಕೆ ಹತ್ತಿಯ ನೂಲಿನಿಂದ ಕಟ್ಟಿ. ರಬ್ಬರ್ ಬ್ಯಾಂಡ್ ಮತ್ತು ಅಂಟುಪಟ್ಟಿ ಎರಡೂ ಕಾಲಕ್ರಮೇಣ ಕರಗಿ ಬಿದಿರಿನ ಮೇಲೆ ಕಲೆ ಉಳಿಸುವುದರಿಂದ ಅವುಗಳನ್ನು ಬಳಸಬಾರದು.